ಎಳಿ ಮತ್ತು ಎದಿ

ಗುಳೇದಗುಡ್ಡದ ಕಲ್ಲು ಕಾದು, ಆ ಗಾಳಿ
ನಮ್ಮ ಓಣಿಗೆ ಇಳಿಯೂದು ಹನ್ನೊಂದರ ಮ್ಯಾಲ.
ಆಗ ಮಗ್ಗದಾಗ ಮೊದಲನೇ ಎಳಿ ಹರೀತೈತಿ.
ಸಪ್ಪಳ ಇರಂಗಿಲ್ಲ. ರಾಚಪ್ಪನ ಕಾಲು ನಿಂತಾಗ ಗೊತ್ತಾಗತೈತಿ,
ಕುಣಿಯೊಳಗಿಂದ ಒಂದು ಬೈಗುಳ ಬರತೈತಿ,
ನನಗಲ್ಲ, ಗಾಳಿಗೆ.

ನಾನು ಕಂಡಿಕಿ ಬಿಟ್ಟು ಏಳ್ತೀನಿ.
ಗೋಣಿ ತೊಯ್ಸಿ ಕಿಡಕಿಗೆ ಹಾಕ್ತೀನಿ,
ನೆಲಕ್ಕ ಎರಡು ಚರಿಗಿ ನೀರು ಚಿಮುಕಿಸ್ತೀನಿ,
ಕುಣಿಯ ಸುತ್ತ ಹಸಿ ಉಸುಕು ಹಾಸ್ತೀನಿ.
ರೇಷ್ಮಿ ಅಂದ್ರ ಹೊಸ ಸೊಸಿ ಇದ್ದಂಗ, ಒಣ ಮಾತು ತಡಿಯಂಗಿಲ್ಲ,
ಅಂತಿದ್ರು ನಮ್ಮ ಮಾವ.
ನಾನು ಹೊಸ ಸೊಸಿ ಇದ್ದಾಗ ಮಾತ್ರ
ಅದು ಅವರಿಗೆ ನೆನಪಾಗ್ತಿದ್ದಿಲ್ಲ.

ಅರ್ಧ ತಾಸಿನಾಗ ಖೋಲಿ ಮೆತ್ತಗಾಗತೈತಿ,
ಲಾಳಿ ಮತ್ತ ಓಡತೈತಿ.
ಹಿಂದಿನ ಖೋಲ್ಯಾಗ ಅಮೋಘ
ಗ್ವಾಡಿ ಕಡೆ ಮಾರಿ ಮಾಡಿ ಮಲಗಿರ್ತಾನ,
ಎದ್ಯಾಗ ಸಣ್ಣ ಪೀಪಿ ಊದಿಕೊಂತ.
ಏಳು ವರ್ಷದ ಹುಡುಗ.
ಆ ಪೀಪಿ ನಾವು ಯಾವ ಅಂಗಡ್ಯಾಗೂ ಕೊಂಡದ್ದಲ್ಲ.

ಬಾಗಲಕೋಟಿ ಡಾಕ್ಟರು ಗ್ವಾಡಿ ಫೋಟೊ ತರಿಸಿ ನೋಡಿದ್ರು.
ಮೂರು ವರ್ಷದ ಹಿಂದ ಹಳೇ ಮಣ್ಣು ಕೆತ್ತಿಸಿ
ಸಿಮೆಂಟ್ ಹಚ್ಚಿ, ಕೆನಿ ಬಣ್ಣದ ಆಯಿಲ್ ಪೇಂಟ್ ಹೊಡಿಸಿದ್ವಿ,
ಮಂದಿ ಬಂದು ಕೈಯಾಡಿಸಿ ಹೋಗಿದ್ರು.
ಮಣ್ಣು ನೀರು ಕುಡೀತಿತ್ತು, ಆಮ್ಯಾಲ ಬಿಡ್ತಿತ್ತು.
ಪೇಂಟ್ ಕುಡಿಯಂಗಿಲ್ಲ. ಬೆವರತೈತಿ.
ಅಲಮಾರಿ ಹಿಂದ ಕರಿ ಬುರುಸು,
ಮೊದಲು ಎಳ್ಳಿನಷ್ಟು, ಆಮ್ಯಾಲ ರೊಟ್ಟಿಯಷ್ಟು,
ಈಗ ಶಾಲಿ ನಕಾಶದಾಗಿನ ಒಂದು ದೇಶದಷ್ಟು.

ಡಾಕ್ಟರು ಒಂದು ಸಣ್ಣ ಡಬ್ಬಿ ಕೊಟ್ರು,
ಗಾಳ್ಯಾಗಿನ ತೇವ ಎಣಿಸೂದು.
'ಐವತ್ತರ ಮ್ಯಾಲ ಹೋಗಗೊಡಬ್ಯಾಡ್ರಿ.'
ರಾಚಪ್ಪ ಅದನ್ನ ಮಗ್ಗದ ಮೊಳಿಗೆ ತೂಗು ಹಾಕಿದ.
ಒಣ ಗಾಳಿಗೆ ಇಪ್ಪತ್ತೆರಡು. ಗೋಣಿ ಹಾಕಿದ್ರ ಎಪ್ಪತ್ತು.
'ಅರವತ್ತೈದರ ಕೆಳಗ ಎಳಿ ನಿಲ್ಲಂಗಿಲ್ಲ' ಅಂದ,
ನನ್ನ ಮಾರಿ ನೋಡದನ.
ಐವತ್ತಕ್ಕೂ ಅರವತ್ತೈದಕ್ಕೂ ನಡುವ ಹದಿನೈದು ಮೆಟ್ಟಲ.
ದಿನಾ ಹತ್ತಿ ಇಳಿಯಾಕಿ ನಾನು.

ಅತ್ತಿ ನೀಲವ್ವಗ ಆ ಡಬ್ಬಿ ಮ್ಯಾಲ ನಂಬಿಗಿ ಇಲ್ಲ.
ನೆಲುವಿನ ಬುಟ್ಟಿಯಿಂದ ಕಡಕ್ ರೊಟ್ಟಿ ತಗದು
ಕಿವಿ ಹತ್ರ ಮುರೀತಾಳ.
ಚಟ್ ಅಂದ್ರ, ಮಗ್ಗಕ್ಕ ನೀರು ಹೊಡಿ.
ಸಪ್ಪಳಿಲ್ದ ಬಾಗಿದ್ರ, ಕಿಡಕಿ ತಗಿ, ಕೂಸಿನ ಉಸಿರು ನೋಡು.
ಒಂದು ವಾರ ಡಬ್ಬಿಗೂ ರೊಟ್ಟಿಗೂ ಜೋಡಿ ಹಚ್ಚಿ ನೋಡಿದೆ.
ರೊಟ್ಟಿ ಸೋತದ್ದು ಎರಡ ಸಲ,
ಅದೂ ಹಿಟ್ಟು ಹಳೇದಿತ್ತಂತ.

ಬುರುಸಿಗೆ ಅಂಜಿ ಎಲ್ಲಾರೂ ಮಗ್ಗದ ಮುಂದ ಮಲಗಿದ ಒಂದು ರಾತ್ರಿ.
ನೆಲ ಒಣಗಿತ್ತು, ಗೋಣಿ ಒಣಗಿತ್ತು, ಕಿಡಕಿ ಮುಚ್ಚಿತ್ತು.
ನಸುಕಿನಾಗ ಎದ್ದು ನೋಡಿದ್ರ ಡಬ್ಬ್ಯಾಗ ಐವತ್ತೆಂಟು.
ಎಲ್ಲಿಂದ ಬಂತಿದು?
ಕತ್ತಲದಾಗ ಕೈ ಚಾಚಿ ಹಾಸು ಮುಟ್ಟಿದೆ. ತಂಪಿತ್ತು.
ನಮ್ಮ ಉಸಿರು.
ಅತ್ತಿದು, ಗಂಡಂದು, ನಂದು,
ಪೀಪಿ ಊದಿ ಊದಿ ದಣಿದ ಹುಡುಗಂದು,
ರಾತ್ರಿಯೆಲ್ಲಾ ಕುಡಿದು ಎಳಿ ಸುಮ್ಮನ ಬಿದ್ದಿತ್ತು.
ಯಾವ ಊರಾಗ, ಯಾವಾಕಿಗೆ
ಕುಬಸ ಆಗತೈತೋ ಈ ಖಣ.

ಗ್ವಾಡಿ ಕೆತ್ತಿಸಾಕ ಹತ್ತೀವಿ,
ರೊಕ್ಕ ಇದ್ದಷ್ಟು, ಒಂದು ಮಗ್ಗಲ.
ಸುಣ್ಣ ಬಳಿಯಾಕ ಬಂದ ರಾಜೇಸಾಬ
'ಅಕ್ಕಾ, ಈ ಪೇಂಟ್ ಹೊಡದಾಂವನೂ ನಾನ' ಅಂತ ನಕ್ಕ,
ನಾನೂ ನಕ್ಕೆ, ಬ್ಯಾರೆ ಏನು ಮಾಡೂದು.
ನಡುವಿನ ಬಾಗಲಕ್ಕ ಈಗ ಹಳೇ ಕೌದಿ.
ನಿನ್ನಿ ಮಧ್ಯಾಹ್ನ ಡಬ್ಬಿ ಹಿಡಕೊಂಡು
ಆಚಿಗೊಮ್ಮೆ ಈಚಿಗೊಮ್ಮೆ ಅಡ್ಡಾಡ್ತಿದ್ದೆ.
ಕುಣಿಯೊಳಗಿಂದ ರಾಚಪ್ಪ ಕೇಳಿದ, 'ಎಷ್ಟೈತಿ?'
ನಾನು ಬಾಯಿ ತಗಿಯೂದ್ರಾಗ
ಕೌದಿ ಹಿಂದ ಹುಡುಗ ರೊಟ್ಟಿ ಮುರದ,
ಚಟ್.