ಬಲಗಿವಿಯ ಹಿಂದೆ

ಸೋಮವಾರ ನಮ್ಮ ಸಲೂನಿಗೆ ರಜೆ.
ಈರೀ ಸರೋವರದ ಮೇಲಿಂದ ಬಂದ ಹಿಮ
ಕಿಟಕಿಯ ಅರ್ಧಕ್ಕೆ ನಿಂತಿದೆ.
ತಿರುಗುವ ಕುರ್ಚಿಯಲ್ಲಿ ಇವತ್ತು ನಾನೇ ಕೂತಿದ್ದೇನೆ
ಗಿರಾಕಿಯ ಹಾಗೆ,
ಮಡಿಲಲ್ಲಿ ಎರಡು ಲಕೋಟೆ.

ಒಂದು ಫಿಲಡೆಲ್ಫಿಯಾದ್ದು.
ನುಣುಪು ಕಾಗದ, ಇಟ್ಟಿಗೆ ಗೋಡೆ, ಗೋಡೆಗೆ ಹಬ್ಬಿದ ಬಳ್ಳಿ,
ಬಿಳಿ ಕೋಟಿನ ನಾಲ್ವರು ಯಾವುದಕ್ಕೋ ನಗುತ್ತಿದ್ದಾರೆ.
ಹನ್ನೊಂದು ತಿಂಗಳು. ಹಗಲಿಡೀ ಕ್ಲಾಸು.
ಅಂಕ ಬಂದರೆ ಅವರದೇ ಮೆಡಿಕಲ್ ಕಾಲೇಜಿಗೆ
ಪಕ್ಕದ ಬಾಗಿಲೊಂದು ತೆರೆಯುತ್ತದಂತೆ.
ನಲವತ್ತಮೂರು ಸಾವಿರ ಡಾಲರು, ಇದನ್ನು ಮಾತ್ರ
ಕೊನೆಯ ಪುಟದಲ್ಲಿ, ಸಣ್ಣಕ್ಷರದಲ್ಲಿ,
ನಾಚಿಕೊಂಡು ಹೇಳಿದ್ದಾರೆ.

ಇನ್ನೊಂದರಲ್ಲಿ ಚಿತ್ರವೇ ಇಲ್ಲ.
ಇಲ್ಲೇ, ರೈಲು ಎಂಜಿನ್ ಕಾರ್ಖಾನೆಯ ಆಚೆ,
ಸೋಮವಾರ ಬುಧವಾರ, ಸಂಜೆ ಆರರಿಂದ ಒಂಬತ್ತು,
ಸೆಮಿಸ್ಟರಿಗೆ ಒಂದೇ ವಿಷಯ, ನೆಲಮಾಳಿಗೆಯ ಲ್ಯಾಬು.
ಮೂರು ವರ್ಷ, ಎಳೆದರೆ ನಾಲ್ಕು.
ಮುಗಿದ ಮೇಲೆ ಯಾವ ಬಾಗಿಲೂ ತೆರೆಯುವುದಿಲ್ಲ,
ಒಂದೊಂದನ್ನೂ ಹೋಗಿ ತಟ್ಟಬೇಕು.

ನನಗೆ ಮೂವತ್ತಾರು.
ಹತ್ತೊಂಬತ್ತರಲ್ಲಿ ಕೆಮಿಸ್ಟ್ರಿ ತಲೆಗೆ ಹತ್ತಲಿಲ್ಲ.
ಸಿ ಮೈನಸ್.
ಆಮೇಲೆ ಧರ್ಮಶಾಸ್ತ್ರ ಓದಿದೆ. ಡಿಗ್ರಿ ಬಂತು,
ಮನೆ ಬಾಡಿಗೆ ಬರಲಿಲ್ಲ.
ಕತ್ತರಿ ಹಿಡಿದೆ.

ಹದಿಮೂರು ವರ್ಷದಲ್ಲಿ ಎಷ್ಟು ತಲೆ!
ತಲೆ ತಿನ್ನುವವರ ತಲೆ, ತಲೆ ತಗ್ಗಿಸಿಯೇ ಒಳಬಂದವರ ತಲೆ,
ನಾಳೆ ಕೋರ್ಟಿಗೆ ಹೋಗಬೇಕಾದ ತಲೆ,
ಕೀಮೋ ಕೀಳುವ ಮೊದಲೇ ನೀನೇ ತೆಗೆದುಬಿಡು ಎಂದವಳ ತಲೆ.
ಅವಳ ದುಡ್ಡು ಮುಟ್ಟಲಿಲ್ಲ.

ಮತ್ತೆ ಕ್ವಾಪಿಲ್ ಅವರ ತಲೆ.
ನಿವೃತ್ತ ಕ್ರೇನ್ ಡ್ರೈವರು. ಆರು ವಾರಕ್ಕೊಮ್ಮೆ, ಗುರುವಾರ, ನಾಲ್ಕು ಗಂಟೆ.
ಬಲಗಿವಿಯ ಹಿಂದೆ ಒಂದು ಮಚ್ಚೆ.
ನನಗದು ವರ್ಷಗಳ ಪರಿಚಯ,
ಬಾಚಣಿಗೆ ತಾಗದಂತೆ ಸುತ್ತಿ ಹೋಗುತ್ತಿದ್ದೆ.
ಒಂದು ಗುರುವಾರ ನೋಡಿದರೆ ಅಂಚು ಒಡೆದಿತ್ತು,
ನೀರು ಬಿದ್ದ ಶಾಯಿ.
ಯಾರಿಗಾದರೂ ತೋರಿಸಿ ಎಂದೆ.
ನೀನು ನೋಡಿದೆಯಲ್ಲ, ಎಂದು ನಕ್ಕರು.
ಮತ್ತೆರಡು ಸಲ ಬಂದರು. ಎರಡು ಸಲವೂ ಹೇಳಿದೆ.
ಕೊನೆಯ ಸಲ ಮೆತ್ತಗೆ ಹೇಳಿದೆ,
ಗಿರಾಕಿ ಬೇಸರಪಟ್ಟಾರೆಂದು.
ಮಾರ್ಚಿನಲ್ಲಿ ಅವರ ಹೆಂಡತಿ ಫೋನು ಮಾಡಿ
ನಾಲ್ಕು ಗಂಟೆಯನ್ನು ರದ್ದು ಮಾಡಿಸಿದರು.

ಇದನ್ನು ಯಾವ ಅರ್ಜಿಯಲ್ಲಿ ಬರೆಯಲಿ?
ವೈದ್ಯೆ ಯಾಕಾಗಬೇಕು, ಐದು ಸಾವಿರದ ಮುನ್ನೂರು ಅಕ್ಷರ ಮೀರದಂತೆ.
ಆ ಮೆತ್ತಗೆ ಎಂಬುದು
ಮೂರೇ ಅಕ್ಷರ.

ಫಿಲಡೆಲ್ಫಿಯಾದ ಸಲಹೆಗಾರ್ತಿ, ಮಿಸೆಸ್ ಟಿಬೆಟ್ಸ್, ಕೇಳಿದರು:
ಹಳೆಯ ಅಂಕ ತಿದ್ದಿಕೊಳ್ಳುವವರ ಕೋರ್ಸು ಬೇರೆ,
ಹೊಸದಾಗಿ ಶುರು ಮಾಡುವವರದು ಬೇರೆ. ನೀವು ಯಾವುದಮ್ಮ?
ಎರಡೂ, ಎಂದೆ.
ಕೀಲಿಮಣೆಯ ಸದ್ದು ನಿಂತಿತು.
ಅಂಥ ಚೌಕ ಇಲ್ಲಿಲ್ಲವಲ್ಲ, ಎಂದರು.

ಹೇಗೂ ನಲವತ್ತೇಳಾಗುತ್ತದೆ, ಡಾಕ್ಟರಾಗಿಯೇ ಆಗಲಿ ಬಿಡು,
ಎನ್ನುತ್ತಾರೆ ಎಲ್ಲರೂ.
ಎಂದವರಲ್ಲಿ ಒಬ್ಬರೂ ಫೀಸಿನ ಮಾತೆತ್ತಲಿಲ್ಲ.
ಸಲೂನಿನ ಯಜಮಾನಿ ಗ್ಲೆಂಡಾ ಮಾತ್ರ
ನೆಲ ಗುಡಿಸುತ್ತ ಅಂದಳು:
ಕೂದಲಾದರೆ ತಪ್ಪಿ ಕತ್ತರಿಸಿದರೂ ಬೆಳೀತದೆ.
ಮುಂದಿನ ಮಾತು ಮೊರದಲ್ಲೇ ಉಳಿಯಿತು.
ನರ್ಸಿಂಗ್ ಅರ್ಧಕ್ಕೆ ಬಿಟ್ಟವಳು ಅವಳು.

ನುಣುಪು ಕಾಗದದ ಬೆನ್ನಿಗೆ ಲೆಕ್ಕ ಹಾಕಿದೆ.
ಪೆನ್ನು ಜಾರುತ್ತದೆ, ಅಂಕಿ ಕೂರುವುದಿಲ್ಲ.
ಬಳ್ಳಿ ಹಬ್ಬಿದ ಗೋಡೆ ಬೇಡವೆಂದಲ್ಲ;
ಬೇಕು, ಎಷ್ಟು ಬೇಕೆಂದರೆ
ಅದನ್ನು ಎದುರಿಗಿಟ್ಟುಕೊಂಡು ಲೆಕ್ಕ ಮಾಡಲಾರೆ.
ಮಗುಚಿಟ್ಟೆ.
ಸೋಮವಾರ, ಬುಧವಾರ.
ಗುರುವಾರ ಖಾಲಿ ಇರುತ್ತದೆ.

ನೆಲಮಾಳಿಗೆಯ ಕಾಲೇಜಿಗೆ ಫೋನು ಹಚ್ಚಿದೆ.
ಹುಡುಗನೊಬ್ಬ ಎತ್ತಿದ, ಬಾಯಲ್ಲಿ ಏನೋ ತಿಂಡಿ.
ಹೆಸರು?
ಮಾರ್ಲಾ ಡೆಂಬಿನ್ಸ್ಕಿ.
ಹಿಂದೆ ಕೆಮಿಸ್ಟ್ರಿ ತಗೊಂಡಿದ್ದಿರಾ?
ಹೌದು.
ಎಷ್ಟು ಬಂದಿತ್ತು?

ಮೆತ್ತಗೆ ಹೇಳಲಿಲ್ಲ.