ಐದು ಪಾಯಿಂಟ್ ಎರಡು

ಪಿರೇಯಸ್ ಬಂದರು, ಆಕ್ತಿ ಮಿಯಾವುಲಿ ಬೀದಿ, ನಾಲ್ಕನೇ ಮಹಡಿ.
ಹಡಗು ಕಂಪನಿಯ ಇಮೇಲಿಗೆ ನಾನೇ ಬಾಗಿಲು ಕಾಯುವವಳು.
‘ಅರ್ಜೆಂಟ್’ ಅಂದರೆ ಎರಡು ಅಂಕ,
ಡಾಲರಿಗೆ ಒಂದು,
ದೇವರ ಹೆಸರೆತ್ತಿದರೆ ಅರ್ಧ,
ದಪ್ಪಕ್ಷರದಲ್ಲಿ ಕೂಗಿಕೊಂಡರೆ ಒಂದೂವರೆ,
ಬಿಟ್ಟಿ ವಿಳಾಸಕ್ಕೆ ಚೂರು, ಪಾಯಿಂಟ್ ಎರಡು.
ಐದು ದಾಟಿದ್ದು ಕತ್ತಲ ಪೆಟ್ಟಿಗೆಗೆ.

ಮೊದಲು ಏಳಿತ್ತು.
ಒಂದು ನುಸುಳಿ ಒಳಗೆ ಬಂತು,
ಅಕೌಂಟ್ಸಿನವನು ಬೆರಳಾಡಿಸಿಬಿಟ್ಟ,
ಪಾಂಡೆಲಿಸ್ ‘ಬಿಗಿ ಮಾಡು’ ಅಂದ, ಮಾಡಿದೆ.
ಲಾಟರಿ, ಬೋಳುತಲೆಗೆ ಕೂದಲು, ಸತ್ತ ಸೇನಾಪತಿಯ ಚಿನ್ನ
ಎಲ್ಲ ನಿಂತವು. ಕಾಫಿ ಕೊಡಿಸಿದ.

ನನ್ನ ಯಾಯಾ ಕಿಟಕಿಯ ಬೆಳಕಿಗೆ ಕೂತು
ಮಸೂರ ಆರಿಸುತ್ತಿದ್ದಳು.
ಒಂದು ಕಲ್ಲು ಹಲ್ಲಿಗೆ ಸಿಕ್ಕರೆ ಮನೆಯೆಲ್ಲ ಬೈಗುಳ.
ಕಲ್ಲಿನ ಜತೆ ಹೊರಬಿದ್ದ ಕಾಳಿನ ಬಗ್ಗೆ
ಯಾರಾದರೂ ಮಾತೆತ್ತಿದ್ದು ನೆನಪಿಲ್ಲ.

ಹನ್ನೊಂದನೆಯ ದಿನ
ಬೇರೇನೋ ಹುಡುಕುತ್ತ ಆ ರಾಶಿಗೆ ಕೈ ಹಾಕಿದೆ.

ಮಾನ್ಯರೇ ದೇವರು ನಿಮ್ಮನ್ನು ಚೆನ್ನಾಗಿಟ್ಟಿರಲಿ
ನಾನು ಎಫಿಯೊಂಗ್ ನಿಮ್ಮ ಮರಿಗೋ ಹಡಗಿನ ಅಡುಗೆಯವನು
ಸೂಯೆಜ್ ಹೊರಗೆ ಲಂಗರು ಹಾಕಿದ್ದೇವೆ ಕ್ಯಾಪ್ಟನ್ ಇಳಿದುಹೋದ
ಏಳು ತಿಂಗಳ ಸಂಬಳ 4200 ಡಾಲರ್ ಅದು ಆಮೇಲೆ ಕೊಡಿ
ಅರ್ಜೆಂಟ್ ಕುಡಿಯುವ ನೀರು ಕಳಿಸಿ

ಅಷ್ಟೂ ದಪ್ಪಕ್ಷರ.
ಉಪ್ಪುಗಾಳಿಗೆ ಕೀಲಿ ಹಿಡಿದುಕೊಂಡಿತ್ತಂತೆ, ಆಮೇಲೆ ತಿಳಿಯಿತು.

ಕೂಡಿ ನೋಡಿದೆ. ಇನ್ನೊಮ್ಮೆ, ಬೆರಳೆಣಿಸಿ.
ಲೆಕ್ಕ ಸರಿಯಾಗಿಯೇ ಇತ್ತು.
ಯಂತ್ರ ತಪ್ಪಿದ್ದರೆ ಆ ರಾತ್ರಿ ನಿದ್ದೆಯಾದರೂ ಬರುತ್ತಿತ್ತು.
ಸುಳ್ಳುಗಾರರು ಮಾತು ಕದ್ದದ್ದು ಇವರ ಬಾಯಿಂದಲೇ ತಾನೇ,
ಈಗ ಇವನು ತನ್ನದನ್ನೇ ಆಡಿದರೆ
ಕಳ್ಳನ ಹಾಗೆ ಕೇಳಿಸುತ್ತದೆ.

ದೋಣಿ ಹೋಯಿತು, ನೀರು ಹೋಯಿತು.
ಹದಿನಾಲ್ಕೂ ಮಂದಿ ಬದುಕಿದ್ದರು.
ಟಾರ್ಪಾಲಿನಲ್ಲಿ ಇಬ್ಬನಿ ಹಿಡಿದು ಕುಡಿದಿದ್ದರಂತೆ,
ಅದರಲ್ಲಿ ನನ್ನ ಪುಣ್ಯದ್ದೇನೂ ಇಲ್ಲ.

ಮಿತಿ ಇನ್ನೂ ಐದೇ. ಪಾಂಡೆಲಿಸ್ ಒಪ್ಪಲಿಲ್ಲ.
ಶುಕ್ರವಾರ ಎಲ್ಲರೂ ಹೋದ ಮೇಲೆ
ದೀಪ ಹತ್ತಿರಕ್ಕೆಳೆದುಕೊಂಡು ಕೂತು ಆರಿಸುತ್ತೇನೆ.

ಕಳೆದ ವಾರ ಯಾವುದೋ ರಾಜಕುಮಾರ:
ಮೂರು ಕೋಟಿ, ನಿಮಗೆ ಅರ್ಧ, ಗುಟ್ಟಾಗಿರಲಿ.
ಒಂಬತ್ತು ಅಂಕ. ಅಪ್ಪಟ ಸುಳ್ಳು,
ನಿಯಮ ಬರೆದ ನನಗೆ ಗೊತ್ತಿಲ್ಲವೇ.
ಅಳಿಸುವ ಮುಂಚೆ ಒಂದೇ ಸಾಲು ಟೈಪಿಸಿದೆ,
ಕಳಿಸಿಯೂ ಬಿಟ್ಟೆ:

ಅಲ್ಲಿ ಕುಡಿಯುವ ನೀರಿದೆಯಾ?