ಅರವತ್ತು ಕಿಲೋ ಜಾಗ

ಪೀಣ್ಯ ಎರಡನೇ ಹಂತ, ರಾತ್ರಿ ಹನ್ನೊಂದೂಮುಕ್ಕಾಲು.
ನನ್ನ ಗೂಡಿನ ಕಿಟಕಿಗೆ ಹೆಡ್‌ಲೈಟು ಬಿತ್ತು.
ಹದಿನಾಲ್ಕು ಗಾಲಿ ಒಂದರ ಹಿಂದೊಂದು
ತೂಕದ ತಟ್ಟೆ ಏರಿದವು, ಕಬ್ಬಿಣ ನರಳಿತು.
ಕೆಂಪು ಅಂಕಿ ಓಡಿತು, ಹಿಂದೆ ಬಂತು, ತಡವರಿಸಿತು,
ನಿಂತಿತು:
ನಲವತ್ತು ಸಾವಿರದ ಮುನ್ನೂರ ನಲವತ್ತು.

"ಮೇಡಂ, ಸ್ಲಿಪ್ ಒತ್ತಬೇಡಿ, ಒಂದ್ನಿಮಿಷ."
ದಸ್ತಗೀರ್ ಸಾಬರು ಇಳಿದರು, ಮಂಡಿ ಹಿಡಿದುಕೊಂಡು.
ಎಂಟು ವರ್ಷದಿಂದ ಅವರನ್ನು ತೂಗುತ್ತಿದ್ದೇನೆ,
ಅಂದರೆ ಅವರ ಗಾಡಿಯನ್ನು.
ಕ್ಲೀನರ್ ಮಾತ್ರ ಹೊಸಬ, ಮಾಲೂರು ಕಡೆಯ ವೆಂಕಟಮುನಿ,
ಮೀಸೆ ಇನ್ನೂ ಬರಲೋ ಬೇಡವೋ ಎನ್ನುತ್ತಿತ್ತು.

ಬಾಗಿಲ ಪಕ್ಕದ ತಗಡಿಗೆ ಟಾರ್ಚು ಹಿಡಿದು, "ಓದು" ಅಂದರು.
ಮೂವತ್ತೊಂಬತ್ತೂವರೆ ಟನ್.
"ಅದು ಬರೀ ಮಾಲಿನದಲ್ಲ ಕಣೋ. ಎಲ್ಲಾ ಸೇರಿ.
ಮುಂದಿನ ಗಾಡಿ, ಹಿಂದಿನ ಟ್ರೇಲರ್, ನಾನು, ನೀನು, ನಿನ್ನ ಮೊಬೈಲು."

ಟೈರಿನ ಮೇಲೆ ಸೀಮೆಸುಣ್ಣದಲ್ಲಿ ಬರೆದರು:
ಮೂತಿ ಏಳು ಸಾವಿರದ ಇನ್ನೂರು,
ಬಾಲ ಎಂಟು ಸಾವಿರದ ಮುನ್ನೂರು,
ಕಳೆದರೆ ಇಪ್ಪತ್ನಾಲ್ಕು ಟನ್.
"ಅಷ್ಟು ಹೇರಬಹುದಾ ಉಸ್ತಾದ್?"
"ಅಲ್ಲೇ ಎಲ್ಲರೂ ಎಡವೋದು."
ಡೀಸೆಲ್ ಇನ್ನೂರೈವತ್ತು. ಲೀಟರಲ್ಲ, ಕಿಲೋ.
ಚೈನು, ಜಾಕಿ, ಎರಡು ಸ್ಟೆಪ್ನಿ, ಟಾರ್ಪಾಲು, ಸ್ಟೌವು, ನಾನೂರು.
ತಾವು ಎಂಬತ್ತು. ಹುಡುಗ?
ಹುಡುಗನಿಗೆ ಗೊತ್ತಿಲ್ಲ.
"ತಟ್ಟೆಯಿಂದಾಚೆ ಹಾರು."
ಹಾರಿದ. ಕೆಂಪು ಅಂಕಿ ಐವತ್ತು ಇಳಿಯಿತು.
"ಐವತ್ತೇ" ಅಂತ ಕಿಟಕಿಯಿಂದ ಕೂಗಿದೆ.
ಸಾಬರು ಅವನನ್ನೇ ನೋಡಿದರು, ಏನೂ ಅನ್ನಲಿಲ್ಲ,
ಬರೆದುಕೊಂಡರು.

ಉಳಿದದ್ದು ಇಪ್ಪತ್ಮೂರು ಸಾವಿರದ ಇನ್ನೂರ ಇಪ್ಪತ್ತು.
ಬಿಲ್ಲಿನಲ್ಲಿ ಪ್ರೆಸ್ ಮಿಷನ್ನು ಇಪ್ಪತ್ತೆರಡು ಸಾವಿರದ ಆರುನೂರು.
"ಮತ್ತೆ ಸರಿಯಾಯ್ತಲ್ಲ!"
"ಬಿಲ್ಲಿಗೆ ಮರದ ಪೆಟ್ಟಿಗೆ ಕಾಣಲ್ಲ, ಹೊಟ್ಟೆಯೊಳಗಿನ ಎಣ್ಣೆ ಕಾಣಲ್ಲ.
ಕೊನೇ ಗಳಿಗೇಲಿ ಹಿಂದೆ ತುರುಕಿದರಲ್ಲ ಬೇಸ್ ಪ್ಲೇಟು,
ಅದರ ತೂಕ ಕೇಳಿದ್ಯಾ? ನಾನೂ ಕೇಳಲಿಲ್ಲ."

ಫೋನಿನಲ್ಲಿ ಮಾಲೀಕರು, ಸ್ಪೀಕರಿನಲ್ಲಿ, ನಿದ್ದೆಗಣ್ಣಿನ ದನಿ:
"ಎಂಟುನೂರು ಚಿಲ್ಲರೆ ಕಿಲೋ ತಾನೇ? ಎಳೆಯುತ್ತೆ ಬಿಡ್ರೀ.
ಆಯಮ್ಮನಿಗೆ ಹೇಳಿ, ಮೂವತ್ತೊಂಬತ್ತು ಅಂತ ಒತ್ತಲಿ."

ಒತ್ತಲು ಬರುತ್ತದೆ.
ಒಮ್ಮೆ ಒತ್ತಿದ್ದೇನೆ ಕೂಡ.
ಆ ಸ್ಲಿಪ್ಪಿನ ನಕಲು ಡ್ರಾಯರಿನ ತಳದಲ್ಲಿದೆ,
ಅಕ್ಷರ ಮಾಸಿದೆ, ಎಸೆಯಲು ಕೈ ಬಂದಿಲ್ಲ.

ಸಾಬರೇ ಮಾತಾಡಿದರು:
"ಎಳೆಯುತ್ತೆ ಧಣಿ, ಯಾರು ಇಲ್ಲ ಅಂದರು.
ಹೆಬ್ಬಾಳದ ಫ್ಲೈಓವರ್ ಇಳೀವಾಗ
ಮುಂದಿನ ಬಸ್ಸು ಗಕ್ಕನೆ ನಿಂತರೆ
ನಿಲ್ಲಿಸೋದು ಯಾರು, ಇಂಜಿನ್ನಾ?"
ಆ ಕಡೆ ಸ್ವಲ್ಪ ಹೊತ್ತು ಫ್ಯಾನಿನ ಸದ್ದು.
ಆಮೇಲೆ ಅದೂ ಇಲ್ಲ.

ಪಕ್ಕದ ಶೆಡ್ಡಿನ ಸೆಲ್ವರಾಜನನ್ನು ಎಬ್ಬಿಸಿದೆವು.
ಬನಿಯನ್ನಿನಲ್ಲೇ ಬಂದ, ಬೈಯುತ್ತಲೇ ಫೋರ್ಕ್‌ಲಿಫ್ಟ್ ಹತ್ತಿದ,
ಬೇಸ್ ಪ್ಲೇಟನ್ನು ಮಗುವಿನಂತೆ ಇಳಿಸಿ
ನನ್ನ ಗೋಡೆಯ ಪಕ್ಕ ಮಲಗಿಸಿದ.
"ಹಿಂದಿನ ತುದೀದೇ ಇಳೀತು, ಒಳ್ಳೇದು," ಸಾಬರು ಹುಡುಗನಿಗೆ,
"ಬಾಲ ಭಾರವಾದರೆ ಮೂತಿ ಎತ್ತುತ್ತೆ,
ಸ್ಟೇರಿಂಗು ಕೈಯಲ್ಲಿರುತ್ತೆ, ರಸ್ತೆ ಇರಲ್ಲ."

ಎಲ್ಲರೂ ಮೊದಲಿನಂತೆ ತಟ್ಟೆಯ ಮೇಲೆ. ಅಂಕಿ ಓಡಿತು, ನಿಂತಿತು:
ಮೂವತ್ತೊಂಬತ್ತು ಸಾವಿರದ ನಾನೂರ ನಲವತ್ತು.

"ಅರವತ್ತು ಕಿಲೋ ಜಾಗ ಉಳೀತು" ಅಂದೆ.
ಸಾಬರು ಜೇಬಿನಿಂದ ನೂರರ ನೋಟು ತೆಗೆದರು.
"ಕೇಳಿಸ್ತಾ? ಗಾಡಿಗೆ ತಕರಾರಿಲ್ಲ.
ಹೋಗು, ಹೊಟ್ಟೆ ತುಂಬ ತಿಂದು ಬಾ."
ಮೂಲೆಯ ತಳ್ಳುಗಾಡಿಯಲ್ಲಿ ಎಗ್ ರೈಸು, ಎರಡು ಪ್ಲೇಟು.
ಮತ್ತೆ ತೂಗಲಿಲ್ಲ.

ಬೇಸ್ ಪ್ಲೇಟು ಮೂರು ದಿನ ಅಲ್ಲೇ ಇತ್ತು.
ಹಗಲ ಬಿಸಿಲು ಕುಡಿದು ರಾತ್ರಿಯೆಲ್ಲ ಬೆಚ್ಚಗಿರುತ್ತಿತ್ತು,
ಬೀದಿಯ ಕಂದು ನಾಯಿ ಅದರ ಮೇಲೆ ಮಲಗುತ್ತಿತ್ತು.
ನಾಲ್ಕನೇ ದಿನ ಬೇರೆ ಗಾಡಿ ಬಂದು ಒಯ್ದಿತು.
ನಾಯಿ ಖಾಲಿ ನೆಲ ಮೂಸಿತು,
ಹಾದು ಬಂದು ನನ್ನ ತಟ್ಟೆಯ ನಡುವೆ ಮಲಗಿತು:
ಇಪ್ಪತ್ತು.